ಮನ್ನವನೂರಿನ ಮೊಲಗಳು ಮತ್ತು ತಂಪು ಗೊಬ್ಬರ

ಕೊಡೈಕನಾಲ್‌ಗೆ ಹೋದವರು ಕೆರೆಯಲ್ಲಿ ದೋಣಿ ಹತ್ತಿ, ಕೋಕರ್ಸ್ ವಾಕ್‌ನಲ್ಲಿ ಮಂಜು ನೋಡಿ, ಚಾಕೊಲೇಟ್ ಕೊಂಡು ಬೆಟ್ಟ ಇಳಿದುಬಿಡುತ್ತಾರೆ. ಇನ್ನೊಂದು ದಿನ ಬಿಡುವಿದ್ದರೆ ಮನ್ನವನೂರಿಗೂ ಹೋಗಿ ಬನ್ನಿ. ಸುಮಾರು 35 ಕಿಲೋಮೀಟರ್. ದಾರಿ ಪೂರ್ತಿ ತಿರುವು. ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಬೆಳಿಗ್ಗೆ ಎರಡು ಇಡ್ಲಿ ಸಾಕು.

ದಾರಿಯಲ್ಲಿ ಪೂಂಬಾರೈ ಎಂಬ ಹಳ್ಳಿ ಸಿಗುತ್ತದೆ. ರಸ್ತೆಯಿಂದ ಕೆಳಗೆ ನೋಡಿದರೆ ಬೆಟ್ಟದ ಮೈಗೆ ಮೆಟ್ಟಿಲು ಕಡಿದಂತೆ ಹೊಲಗಳು. ಕ್ಯಾರೆಟ್, ಆಲೂಗಡ್ಡೆ, ಬೆಳ್ಳುಳ್ಳಿ ಬೆಳೆಯುತ್ತಾರೆ. ಈ ಸೀಮೆಯ ಬೆಳ್ಳುಳ್ಳಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ನಮ್ಮ ಮೈಸೂರು ಮಲ್ಲಿಗೆಗೂ ನಂಜನಗೂಡು ರಸಬಾಳೆಗೂ ಇರುವಂಥದ್ದೇ.

ಮುಂದೆ ಮನ್ನವನೂರು. ಹಸಿರು ಹುಲ್ಲಿನ ದಿಬ್ಬಗಳು, ಒಂದು ಕೆರೆ, ಸುತ್ತ ಮರಗಳು. ಇಲ್ಲಿರುವುದು ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ. 1962ರಲ್ಲಿ ಶುರುವಾದ ಈ ಸಂಸ್ಥೆಯ ಮುಖ್ಯ ಕಚೇರಿ ದೂರದ ರಾಜಸ್ಥಾನದ ಅವಿಕಾನಗರದಲ್ಲಿದೆ. ಇಲ್ಲಿ ಸಾಕುವುದು ಭಾರತ್ ಮೆರಿನೊ ಎಂಬ ಉಣ್ಣೆಯ ಕುರಿಗಳನ್ನು, ಜೊತೆಗೆ ಮೊಲಗಳನ್ನು. ಮೊಲಗಳಲ್ಲಿ ಎರಡು ತಳಿ: ಬಿಳಿಯ ವೈಟ್ ಜಯಂಟ್ ಮತ್ತು ಬೂದು ಬಣ್ಣದ ಸೋವಿಯತ್ ಚಿಂಚಿಲ್ಲಾ.

ನಮ್ಮ ಜೊತೆ ಹತ್ತು ವರ್ಷದ ಮೊಮ್ಮಗಳಿದ್ದಳು. "ತಾತ, ಇಷ್ಟೊಂದು ಮೊಲ ಯಾಕೆ ಸಾಕ್ತಾರೆ?" ಎಂದಳು. ಅವಳ ಅಮ್ಮ ಮಾತು ತೇಲಿಸಲು ನೋಡಿದಳು. ಆದರೆ ಮಗು ಕೇಳಿದ ಮೇಲೆ ನಿಜ ಹೇಳಬೇಕಲ್ಲ. "ಮಾಂಸಕ್ಕಮ್ಮ, ಕೋಳಿ ಸಾಕೋ ಹಾಗೆ" ಎಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ ಬಂತು: "ಸಾಯಿಸದೆ ಇದ್ರೆ ಮೊಲದಿಂದ ಏನೂ ಉಪಯೋಗ ಇಲ್ವಾ?"

ಉತ್ತರ ತಂತಿ ಬಲೆಯ ಪಂಜರದ ಕೆಳಗೇ ಬಿದ್ದಿತ್ತು. ಬಟಾಣಿಗಿಂತ ಸ್ವಲ್ಪ ದೊಡ್ಡ, ಗುಂಡನೆಯ ಒಣ ಹಿಕ್ಕೆಗಳು. ಕೆಜಿಎಫ್‌ನ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಕಲಿತ ತಮಿಳಿನಲ್ಲಿ, ಗುಡಿಸುತ್ತಿದ್ದವರೊಬ್ಬರನ್ನು ಮಾತಾಡಿಸಿದೆ. "ಇದು ತಂಪು ಗೊಬ್ಬರ ಸಾರ್. ನೇರ ಗಿಡಕ್ಕೆ ಹಾಕಬಹುದು, ಸುಡಲ್ಲ" ಎಂದರು.

ಮಾತು ಸರಿಯೇ. ಹಸಿ ಕೋಳಿ ಗೊಬ್ಬರವನ್ನು ಹಾಗೇ ಹಾಕಿದರೆ ಗಿಡ ಬಾಡಿಹೋಗುತ್ತದೆ. ಮೊಲದ ಹಿಕ್ಕೆ ಮಣ್ಣಿನಲ್ಲಿ ನಿಧಾನವಾಗಿ ಕರಗಿ, ಸ್ವಲ್ಪ ಸ್ವಲ್ಪವೇ ಸಾರ ಬಿಡುತ್ತದೆ. ಹಸಿ ಸಗಣಿಯಲ್ಲಿ ಬಹುಪಾಲು ನೀರು; ನೂರು ಕಿಲೋದಲ್ಲಿ ಸಾರಜನಕ ಹೆಚ್ಚುಕಡಿಮೆ ಅರ್ಧ ಕಿಲೋ. ಮೊಲದ ಹಿಕ್ಕೆಯಲ್ಲಿ ನೀರು ಕಡಿಮೆ, ಹಾಗಾಗಿ ಅಷ್ಟೇ ತೂಕಕ್ಕೆ ಸುಮಾರು 2 ಕಿಲೋ. ರಂಜಕ, ಪೊಟ್ಯಾಷ್ ಕೂಡ ಇವೆ. ಎರೆಹುಳುಗಳಿಗಂತೂ ಇದು ಹಬ್ಬದೂಟ.

ಮಕ್ಕಳೇ, ಒಂದು ಸೋಜಿಗ ಕೇಳಿ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ಮೆತ್ತಗಿನದು, ಅದನ್ನು ಕೆಳಗೆ ಬೀಳಲೂ ಬಿಡದೆ ತಾನೇ ತಿಂದುಬಿಡುತ್ತದೆ! ಹುಲ್ಲಿನಲ್ಲಿ ಉಳಿದ ಸತ್ವವನ್ನು ಎರಡನೇ ಸಲ ಹೀರಿಕೊಳ್ಳುವ ಉಪಾಯ ಇದು. ಹಸು ಮೆಲುಕು ಹಾಕುವುದಿಲ್ಲವೇ, ಹಾಗೆ. ನಮಗೆ ಸಿಗುವುದು ಎರಡನೆಯ ಬಗೆಯ ಗಟ್ಟಿ ಹಿಕ್ಕೆ.

ಬಳಸುವುದು ಸುಲಭ. ದೊಡ್ಡ ಕುಂಡಕ್ಕೆ ತಿಂಗಳಿಗೆ ಒಂದು ಹಿಡಿ. ಬುಡದಿಂದ ನಾಲ್ಕು ಬೆರಳು ದೂರ ಹಾಕಿ, ಮೇಲೆ ಮಣ್ಣು ಮುಚ್ಚಿ, ನೀರು ಬಿಡಿ. ಗುಲಾಬಿ, ದಾಸವಾಳ, ಬದನೆ, ಟೊಮೆಟೊ ಎಲ್ಲಕ್ಕೂ ಆಗುತ್ತದೆ. ಆದರೆ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್‌ನಂಥ ಹಸಿಯಾಗಿ ತಿನ್ನುವ ಬೆಳೆಗೆ ಹೊಸ ಹಿಕ್ಕೆ ಬೇಡ. ತಂಪು ಗೊಬ್ಬರವಾದರೂ ಅದರಲ್ಲಿ ರೋಗಾಣು ಇರಬಹುದು. ಒಣ ಎಲೆಯ ಜೊತೆ ಗುಂಡಿಯಲ್ಲಿ ಚೆನ್ನಾಗಿ ಕಳಿತ ಮೇಲೆ ಹಾಕಿ. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. ನಾಯಿ, ಬೆಕ್ಕಿನ ಹೊಲಸನ್ನು ಮಾತ್ರ ತರಕಾರಿಗೆ ಯಾವತ್ತೂ ಹಾಕಬಾರದು.

ಇಷ್ಟು ತಿಳಿದ ಮೇಲೆ ಮೊಮ್ಮಗಳ ಬೇಡಿಕೆ ಏನೆಂದು ನೀವು ಊಹಿಸಿರುತ್ತೀರಿ. "ಎರಡು ಮೊಲ ತಗೊಳ್ಳೋಣ ತಾತ, ನಮ್ಮ ತಾರಸಿಗೆ ಗೊಬ್ಬರ ಆಗುತ್ತೆ." ಅವಳಪ್ಪ ಹೂಂ ಎನ್ನುವುದರಲ್ಲಿದ್ದ. ನಾನು ಬೇಡವೆಂದೆ. ಮೊಲಕ್ಕೆ ನಮ್ಮಂತೆ ಬೆವರುವುದು ಗೊತ್ತಿಲ್ಲ. ಮೈಯ ಬಿಸಿಯನ್ನು ಹೆಚ್ಚಾಗಿ ಆ ಉದ್ದ ಕಿವಿಗಳ ಮೂಲಕವೇ ಹೊರಹಾಕಬೇಕು. ಮನ್ನವನೂರಿನ ಚಳಿ ಅದಕ್ಕೆ ಹಿತ. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ತಾರಸಿಯ ತಗಡಿನ ಕೆಳಗೆ ಅದು ಸತ್ತೇ ಹೋದೀತು. ಗಂಡು ಹೆಣ್ಣು ಒಟ್ಟಿಗಿದ್ದರೆ ತಿಂಗಳಿಗೊಮ್ಮೆ ಮರಿ. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುವ ಜೀವ ಅದು. ಅವಳು ಕಾಲೇಜು ಮೆಟ್ಟಿಲು ಹತ್ತಿದಾಗಲೂ ದಿನಾ ಹುಲ್ಲು ಹಾಕಬೇಕು. ಒಂದು ಬುಟ್ಟಿ ಗೊಬ್ಬರಕ್ಕಾಗಿ ಇಷ್ಟು ದೊಡ್ಡ ಸಾಲ ಮಾಡಬಾರದು.

ಅವಳಿಗೆ ಸಿಟ್ಟು ಬಂತು. ಪೂಂಬಾರೈ ದಾಟುವವರೆಗೂ ನನ್ನ ಪಕ್ಕ ಕೂರಲಿಲ್ಲ.

ಊರಿಗೆ ಬಂದ ಮೇಲೆ ಅವಳೇ ದಾರಿ ಹುಡುಕಿದಳು. ಅವಳ ಶಾಲೆಯ ಗೆಳತಿಯ ಮನೆಯಲ್ಲಿ ಮೊಲ ಸಾಕಿದ್ದಾರೆ. ಅವರು ದಿನಾ ಹಿಕ್ಕೆ ಗುಡಿಸಿ ಕಸದ ಗಾಡಿಗೆ ಸುರಿಯುತ್ತಿದ್ದರು. ಈಗ ಮೊಮ್ಮಗಳು ಭಾನುವಾರ ಒಂದು ಹಿಡಿ ಗರಿಕೆ ಹುಲ್ಲು ತೊಳೆದು ಒಯ್ಯುತ್ತಾಳೆ, ಒಂದು ಡಬ್ಬಿ ಹಿಕ್ಕೆ ತರುತ್ತಾಳೆ. ಮೊಲವನ್ನು ಎತ್ತಿಕೊಂಡು ಮುದ್ದಾಡುವುದೂ ಆಗುತ್ತದೆ. ನಿಮ್ಮ ಬೀದಿಯಲ್ಲೂ ಅಂಥ ಮನೆಯೊಂದಿದ್ದರೆ ಹೋಗಿ ಕೇಳಿ ನೋಡಿ. ಹುಲ್ಲು ಒಯ್ಯುವುದನ್ನು ಮರೆಯಬೇಡಿ.