ಕಾಣಸೋದು ಬ್ಯಾರೆ, ಮಾಯೋದು ಬ್ಯಾರೆ

ನಮ್ಮ ಓಣಿಯೊಳಗ ಈ ವರ್ಷ ಮೂರು ಹುಡುಗ್ಯಾರಿಗೆ ವರ ನೋಡ್ಲಿಕತ್ತಾರ. ಮೂವರಿಗೂ ಚಷ್ಮಾ ಅದ. ಹಿಂಗಾಗಿ ಅವರ ಅವ್ವಂದಿರು ಒಬ್ಬರಾದ ಮ್ಯಾಲೆ ಒಬ್ಬರು ಬಂದು, "ನೀ ಕಣ್ಣಿಗೆ ಲೇಸರ್ ಮಾಡಿಸ್ಕೊಂಡೀಯಲ್ಲಾ, ಎಷ್ಟು ದಿನಕ್ಕ ಆರಾಮಾತು?" ಅಂತ ಕೇಳ್ತಾರ. ಮಂದಿ ಮಾತು ಕೇಳಿದ್ರ ಇವತ್ತು ಮಾಡಿಸ್ಕೊಂಡು ನಾಳೆ ಹಪ್ಪಳ ಒತ್ತಬಹುದು ಅನಸ್ತದ. ಅದಕ್ಕ ನನಗ ಆಗಿದ್ದು ಆಗಿಧಂಗ ಬರೀತೀನಿ.

ನನಗ ನಾಲ್ಕನೇ ಇಯತ್ತೆಯಿಂದ ಚಷ್ಮಾ. ಎರಡೂ ಕಣ್ಣಿಗೆ ಮೈನಸ್ 5 ದಾಟಿತ್ತು. ಮಗ ಸಣ್ಣವಿದ್ದಾಗ ಕೇಳಿದ್ರ ಡಾಕ್ಟರು, ಮೊಲಿ ಬಿಡಿಸೋತನಕ ತಡೀರಿ ಅಂದ್ರು. ಬಸುರಿ ಇದ್ದಾಗ, ಹಾಲು ಕುಡಸೂವಾಗ ನಂಬರು ಹೆಚ್ಚುಕಡಿಮಿ ಆಗ್ತದಂತ. ನಂಬರು ಒಂದು ವರ್ಷರೆ ನಿಂತಿರಬೇಕು, ಕಾರ್ನಿಯಾ ಸಾಕಷ್ಟು ದಪ್ಪ ಇರಬೇಕು. ಎಲ್ಲಾರಿಗೂ ಮಾಡಂಗಿಲ್ಲ.

ಕಡಿಗೆ ಪಾಟ್ಲಿ ಮಾರಿ ಮಾಡಿಸ್ಕೊಂಡೆ. ಇಂಜೆಕ್ಷನ್ ಇಲ್ಲ, ಬರೇ ಜೋಮು ಹಿಡಿಸೋ ಡ್ರಾಪ್ಸು. ಕಾರ್ನಿಯಾದ ಮ್ಯಾಲೆ ಒಂದು ತೆಳ್ಳನ ಮುಚ್ಚಳ ಎಬ್ಬಿಸಿ, ಒಳಗ ಲೇಸರಿನಿಂದ ಆಕಾರ ತಿದ್ದಿ, ಮತ್ತ ಮುಚ್ಚತಾರ. ಹೊಲಿಗಿ ಹಾಕಂಗಿಲ್ಲ. ಈ "ಹೊಲಿಗಿ ಇಲ್ಲ" ಅನ್ನೋದು ನೆನಪಿಟ್ಕೋರಿ. ಮುಂದಿನ ಪಥ್ಯೆಲ್ಲಾ ಅದಕ್ಕನ.

ಮನಿಗೆ ಬರೂತನಕ ಜೋಮು ಇಳೀತು. ಹತ್ತು ಉಳ್ಳಾಗಡ್ಡಿ ಹೆಚ್ಚಿದ ಕಣ್ಣಿಗೆ ಯಾರೋ ಖಾರಪುಡಿ ತೂರಿಧಂಗ. ಉರಿ, ನೀರು, ಉಸುಕು ಚುಚ್ಚಿಧಂಗ. ಕಣ್ಣಿನ ಮ್ಯಾಲೆ ಪ್ಲಾಸ್ಟಿಕ್ ಬಟ್ಟಲ ಅಂಟಿಸ್ಕೊಂಡು ಕತ್ತಲ ಖೋಲಿಯೊಳಗ ಮಲ್ಕೊಂಡೆ. ನಾಕೈದು ತಾಸಿಗೆ ಇಳೀತು. ಮರುದಿನ ಮುಂಜಾನೆ ಏಕಾದಶಿ ಯಾವತ್ತದ ಅಂತ ಗೋಡಿ ಮ್ಯಾಲಿನ ಕ್ಯಾಲೆಂಡರ್ ಹಾಸಿಗಿಂದನ ಓದಿದೆ. ಅತ್ತಿಯವರು ಮಾತ್ರ ನನ್ನ ಮುಖ ನೋಡಿ ಹೌಹಾರಿದ್ರು. ಬಿಳಿಗುಡ್ಡಿ ಮ್ಯಾಲೆ ಕೆಂಪಗ ರಕ್ತದ ಕಲಿ! ಆಪರೇಷನ್ ಹೊತ್ತಿನಾಗ ಕಣ್ಣು ಬಿಗಿ ಹಿಡಿಯೋ ಉಂಗುರದ್ದದು. ನೋವಿಲ್ಲ, ಎರಡು ವಾರದಾಗ ತಾನ ಹೋತು.

ಕಾಣಸ್ಲಿಕತ್ತು. ಆದ್ರ ಒಳಗ ಇನ್ನೂ ಮಾದಿರಲಿಲ್ಲ.

ಆ ಹೊಲಿಗಿ ಇಲ್ಲದ ಮುಚ್ಚಳಕ್ಕ ಕೂಸಿನ ಒಂದು ಬೆರಳು ಸಾಕು. ಮೂರು ವರ್ಷದ ಮಗ ರಾತ್ರಿ ನನ್ನ ಮುಖ ಹಿಡ್ಕೊಂಡ ಮಲಗಾಂವ. ಒಂದು ವಾರ ಅವನ್ನ ಅಜ್ಜಿ ಹಂತ್ಯಾಕ ಮಲಗಿಸಿದ್ವಿ. ಅಂವ ಬಾಗಲಾ ಬಡದು ಅತ್ರ, ನಾ ಈಚೆ ಕೂತು ಕಥಿ ಹೇಳೋದು. ಅಳಲಿಕ್ಕೆ ಬಂದ್ರೂ ಕಣ್ಣು ಒರಸ್ಕೊಳ್ಳೋಹಂಗಿಲ್ಲ! ಒಗ್ಗರಣಿ ಹೊಗಿ, ಕಾಡಿಗಿ, ತಲಿ ಮ್ಯಾಲಿಂದ ಎರಕೊಳ್ಳೋದು, ಎಲ್ಲಾ ಬಂದ್. ನೀವು ಪ್ರೀತಿಲೇ ಹರಳೆಣ್ಣಿ, ಜೇನತುಪ್ಪ, ಗುಲಾಬಿ ನೀರು ತಂದ್ರಿ. ಕಪಾಟಿನಾಗ ಇಟ್ಟೆ, ಕಣ್ಣಿಗೆ ಹಾಕ್ಲಿಲ್ಲ. ಡಾಕ್ಟರು ಬರದ ಡ್ರಾಪ್ಸ್ ಬಿಟ್ಟು ಮತ್ತೇನೂ ಹಾಕಬಾರದು. ಅವನ್ನೂ ಒಂದಕ್ಕೊಂದಕ್ಕ ಐದು ನಿಮಿಷ ಬಿಟ್ಟು ಹಾಕಬೇಕು. ಸ್ಟೆರಾಯ್ಡ್ ಡ್ರಾಪ್ಸ್ ಛೊಲೋ ಅನಸ್ತದಂತ ನಮ್ಮಷ್ಟಕ್ಕ ನಾವ ಮುಂದುವರಸಿದ್ರ ಕಣ್ಣಿನ ಒತ್ತಡ ಏರ್ತದ.

ಖರೇ ಅಂಜಿಕಿ ಬಂದದ್ದು ಮೂರನೇ ವಾರ. ಮುಂಜಾನೆ ಸ್ವಚ್ಛ, ಸಂಜಿಗೆ ಮಬ್ಬು. ರಾತ್ರಿ ಗಾಡಿ ದೀಪದ ಸುತ್ತ ಬಳಿ ಬಳಿ. ಪಾಟ್ಲಿ ಹೋತು, ಈಗ ಕಣ್ಣೂ ಹೋಗ್ತದೇನೋ ಅಂತ ಒಂದೊಂದ ಕಣ್ಣು ಮುಚ್ಚಿ ಕ್ಯಾಲೆಂಡರ್ ಓದಿ ಓದಿ ನೋಡ್ತಿದ್ದೆ. ಯಾರ ಮುಂದನೂ ಅನ್ಲಿಲ್ಲ. ತಪಾಸಣಿಗೆ ಹೋದಾಗ ಡಾಕ್ಟರು ತಿಳಿಸಿ ಹೇಳಿದ್ರು. ಮುಚ್ಚಳ ಮಾಡೂವಾಗ ಸಣ್ಣ ನರ ಕಡೀತಾವ, ಅವು ಬೆಳಿಯೋತನಕ ಕಣ್ಣು ಒಣಗ್ತದ, ಒಣಗಿದ ಕಣ್ಣಿಗೆ ಮಬ್ಬು ಕಾಣಸ್ತದ. ಬರೇ ಕಣ್ಣೀರಿನಂಥಾ ಡ್ರಾಪ್ಸ್ ಹಾಕ್ಕೋತ ಹೋದೆ. ನನಗ ಪೂರಾ ಸ್ಥಿರ ಆಗ್ಲಿಕ್ಕೆ ಐದು ತಿಂಗಳು ಹಿಡೀತು.

ಹಂಗಂತ ಎಲ್ಲಾದಕ್ಕೂ ತಡಕೊಂಡು ಕೂಡಬ್ಯಾಡ್ರಿ. ನೋವು ಕಡಿಮಿ ಆಗೋ ಬದ್ಲಿ ಹೆಚ್ಚಾದ್ರ, ಒಮ್ಮೆಲೆ ಕಾಣಸೋದು ಕಮ್ಮಿ ಆದ್ರ, ಕೀವು ಬಂದ್ರ, ಕಣ್ಣಿಗೆ ಏಟು ಬಿದ್ರ ಮುಂಜಾನೆತನಕ ಕಾಯೋದಲ್ಲ. ಆಗಿಂದಾಗ ದವಾಖಾನಿಗೆ ಹೋಗ್ರಿ.

ಇನ್ನ ಮದುವಿ ಹುಡುಗ್ಯಾರ ಮಾತು. ಮದುವಿಗೆ ಹದಿನೈದು ದಿನ ಅದ ಅನ್ನೂವಾಗ ಮಾತ್ರ ಮಾಡಸಬ್ಯಾಡ್ರಿ. ಅರಿಷಿಣ ಎಣ್ಣಿ, ಎರಿಯೋದು, ಕಾಡಿಗಿ, ಹೋಮದ ಹೊಗಿ, ಮ್ಯಾಲೆ ನೂರು ಮಂದಿ ಮುಖಕ್ಕ ಒಗಿಯೋ ಅಕ್ಷತಿ. ನನ್ನ ಕೇಳಿದ್ರ ಮೂರ್ನಾಕು ತಿಂಗಳು ಮೊದಲ ಆಗಲಿ. ಇಲ್ಲಂದ್ರ ಚಷ್ಮಾ ಹಾಕ್ಕೊಂಡ ಮಾಲಿ ಹಾಕಲಿ, ಏನೂ ಕೆಡಂಗಿಲ್ಲ.

ಇನ್ನೊಂದು, ಇದು ಜನ್ಮಪೂರ್ತಿ ಚಷ್ಮಾ ಬಿಡಸೋ ಮಂತ್ರಲ್ಲ. ಚಾಳೀಸ ಅಂದ್ರ ನಲವತ್ತು. ನಲವತ್ತು ದಾಟಿದ ಮ್ಯಾಲೆ ಅಕ್ಕಿ ಆರಸಲಿಕ್ಕೆ, ಸೂಜಿ ಪೋಣಸಲಿಕ್ಕೆ ಚಾಳೀಸು ಬೇಕಾಗೋದ, ಲೇಸರ್ ಆಗಿದ್ರೂ.

ಕಡಿಗೆ, ತಾರೀಖು ಹಿಡಿಯೋಕಿಂತ ಮೊದಲ ಒಂದು ಮಾತು ಮನಿಯೊಳಗ ಕೇಳಿ ಇಟ್ಕೋರಿ. ಆ ವಾರ ಒಲಿ ಮುಂದ ಯಾರು ನಿಲ್ಲತೀರಿ? ಕೂಸಿನ್ನ ಯಾರು ಮಲಗಸ್ತೀರಿ? ಉತ್ತರ ಸಿಕ್ಕ ಮ್ಯಾಲೆ ದವಾಖಾನಿಗೆ ಫೋನ್ ಹಚ್ಚರಿ.