ರಾಗಿಯೂ ಗುಳಿಗೆಯೂ

ಬಸವಾಪಟ್ಟಣದ ಸೀಮೆಯಲ್ಲಿ ಸೂಳೆಕೆರೆಯ ನೀರಿಗೆ ಭದ್ರೆಯ ನಾಲೆಯೂ ಕೂಡಿದಮೇಲೆ ಬತ್ತದ ಗದ್ದೆ ಹೆಚ್ಚಿತು. ಮುದ್ದೆಯುಣ್ಣುತ್ತಿದ್ದ ಮನೆಗಳಲ್ಲಿಯೂ ಅನ್ನವೇ ಮುಖ್ಯವಾಯಿತು. ಬೆನ್ನು ಬಾಗಿದ ವೃದ್ಧೆಯರು ಈಗ ಕೇಳುವುದುಂಟು: “ಮೂಳೆಗೆ ರಾಗಿ ಸಾಕೋ, ಗುಳಿಗೆ ಬೇಕೋ?”

100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಸತ್ತ್ವ, ಅಂದರೆ ಕ್ಯಾಲ್ಸಿಯಂ, ಉಂಟು; ಅಷ್ಟೇ ತೂಕದ ಬಿಳಿಯಕ್ಕಿಯಲ್ಲಿ 10ರಷ್ಟು ಮಾತ್ರ. ಆದರೆ ರಾಗಿಯಲ್ಲಿಯೇ ಇರುವ ಫೈಟಿಕ್ ಆಮ್ಲವು ಆ ಸತ್ತ್ವವನ್ನು ಹಿಡಿದಿಡುವುದರಿಂದ ಉಂಡುದೆಲ್ಲವೂ ಮೈಗೆ ಹತ್ತದು. ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಈ ತಡೆಯು ತಗ್ಗುವುದು. ಕೂಸುಗಳಿಗೆ ರಾಗಿಸರಿ ಕಾಯಿಸುವ ತಾಯಂದಿರಿಗೆ ಇದು ಹೊಸ ವಿದ್ಯೆಯಲ್ಲ.

ಆದರೂ ರಾಗಿಯಲ್ಲಿ ಬಿ-12 ಇಲ್ಲ. ವೈದ್ಯರು ಪರೀಕ್ಷಿಸಿ ಬರೆದ ಗುಳಿಗೆಯನ್ನು ರಾಗಿಯ ಅಭಿಮಾನದಿಂದ ಬಿಡುವುದು ಅವಿವೇಕ. ಅಂಗಡಿಯ ಡಬ್ಬಿಯನ್ನು ನಂಬಿ ಮುದ್ದೆಯನ್ನು ತೊರೆಯುವುದೂ ಅವಿವೇಕವೇ. ಗುಳಿಗೆಯು ಕೊರತೆಯನ್ನು ತುಂಬೀತು. ನಿತ್ಯದ ಬಲವು ಊಟದಿಂದಲೇ ಬರತಕ್ಕದ್ದು.