ಕೆರೆ-ದಡ

ಸಂಜೆಯಾದರೆ ಸಾಕು, ನಮ್ಮ ಬೀದಿಯಲ್ಲಿ ಸೀಮೆಸುಣ್ಣದ ಗೆರೆಯೊಂದು ಬೀಳುತ್ತದೆ. ಆಚೆ ಕೆರೆ, ಈಚೆ ದಡ. ‘ಕೆರೆ’ ಎಂದರೆ ಒಳಕ್ಕೆ ಜಿಗಿಯಬೇಕು, ‘ದಡ’ ಎಂದರೆ ಹೊರಕ್ಕೆ. ಕೂಗುವ ಹುಡುಗಿ ಕೆರೆ, ದಡ, ಕೆರೆ, ದಡ ಎಂದು ಲಯ ಹಿಡಿಸಿ, ಎಲ್ಲರ ಕಾಲೂ ಅದಕ್ಕೆ ಒಗ್ಗಿತು ಎನ್ನುವಾಗ ‘ದಡ’ ಎಂದವಳೇ ಮತ್ತೆ ‘ದಡ’ ಎನ್ನುತ್ತಾಳೆ. ಆ ಗಳಿಗೆ ನೋಡುವುದೇ ನನಗೊಂದು ಹಬ್ಬ. ಐದು ವರ್ಷದ ಪೋರನ ಬಲಗಾಲು ಆಗಲೇ ಎದ್ದಿರುತ್ತದೆ, ಮೈ ಮುಂದಕ್ಕೆ ವಾಲಿರುತ್ತದೆ. ತುಟಿ ಕಚ್ಚಿ, ಎರಡೂ ಕೈ ರೆಕ್ಕೆಯಂತೆ ಬಡಿದು, ಗೆರೆಯಂಚಿನಲ್ಲಿ ತನ್ನನ್ನು ತಾನೇ ತಡೆದು ನಿಲ್ಲುತ್ತಾನೆ. ಮೂರು ವರ್ಷದ ತಂಗಿ ಅಷ್ಟರಲ್ಲಿ ಕೆರೆಗೆ ಹಾರಿಯೇ ಬಿಟ್ಟಿರುತ್ತಾಳೆ.

ಆ ಎರಡು ವರ್ಷದ ಅಂತರದಲ್ಲಿ ಏನೆಲ್ಲ ನಡೆಯುತ್ತದೆ! ಮೂರರ ಮಗುವಿಗೆ ಕಾರ್ಡುಗಳನ್ನು ಬಣ್ಣ ನೋಡಿ ವಿಂಗಡಿಸಲು ಹೇಳಿ, ಮಾಡುತ್ತದೆ. ಈಗ ಬಣ್ಣ ಬಿಟ್ಟು ಆಕಾರ ನೋಡು ಎನ್ನಿ. ‘ಹೂಂ’ ಎನ್ನುತ್ತದೆ, ಕೈ ಮಾತ್ರ ಬಣ್ಣದ ಹಿಂದೆಯೇ ಹೋಗುತ್ತದೆ. ಹೊಸ ನಿಯಮ ಕೇಳಿದರೆ ಬಾಯಲ್ಲಿ ಸರಿಯಾಗಿಯೇ ಹೇಳುತ್ತದೆ. ಐದರ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಇದು ಸಲೀಸು. ಹೀಗೆ ತನ್ನನ್ನು ತಾನೇ ತಡೆದುಕೊಳ್ಳಲು ಬೇಕಾದ, ಹಣೆಯ ಹಿಂದಿನ ಮಿದುಳು ನಿಧಾನವಾಗಿ ಬಲಿಯುವಂಥದ್ದು; ವಯಸ್ಸು ಇಪ್ಪತ್ತು ದಾಟಿದರೂ ಅದರ ಬೆಳವಣಿಗೆ ಮುಗಿದಿರುವುದಿಲ್ಲ. ಹೀಗಿರುವಾಗ ಮೂರರ ಮಗುವನ್ನು ‘ಹೇಳಿದ ಮಾತು ಕೇಳಲ್ಲ, ಹಟಮಾರಿ’ ಎಂದು ಗದರುವುದು ಅನ್ಯಾಯ.

ರಷ್ಯದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ 1933ರಲ್ಲೇ ಹೇಳಿದ್ದರು: ಮಗು ತನ್ನ ಆಸೆಯನ್ನು ಅತಿ ಹೆಚ್ಚು ಹಿಡಿದಿಡುವುದು ಆಟದಲ್ಲಿ, ಏಕೆಂದರೆ ನಿಯಮ ಪಾಲಿಸುವುದೇ ಅಲ್ಲಿನ ಸುಖ. ನನಗಂತೂ ಇದರಲ್ಲಿ ಪೂರ್ತಿ ನಂಬಿಕೆ.

ಮಕ್ಕಳು ಆಸೆಯನ್ನು ಹಿಡಿದಿಡುವ ಬಗ್ಗೆ ಸ್ಟ್ಯಾನ್‌ಫರ್ಡ್‌ನ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಮಾಡಿದ ಪ್ರಯೋಗ ಅನೇಕರಿಗೆ ಗೊತ್ತು. ಎದುರಿಗಿರುವ ಮಿಠಾಯಿಯನ್ನು ಈಗಲೇ ತಿಂದರೆ ಒಂದು, ಕಾದರೆ ಎರಡು. ಕಾದ ಮಕ್ಕಳು ಕಣ್ಣು ಮುಚ್ಚಿಕೊಂಡರು, ತಮ್ಮಷ್ಟಕ್ಕೆ ಹಾಡಿಕೊಂಡರು. ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ಅಮೆರಿಕದ ರೋಚೆಸ್ಟರ್‌ನಲ್ಲಿ ನಡೆದು 2013ರಲ್ಲಿ ಅಚ್ಚಾದ ಇನ್ನೊಂದು ಪ್ರಯೋಗ. ಅಲ್ಲಿ ಮಿಠಾಯಿ ಇಡುವ ಮೊದಲು, ‘ಒಳ್ಳೆಯ ಬಣ್ಣಗಳನ್ನು ತಂದುಕೊಡುತ್ತೇನೆ’ ಎಂದು ಮಕ್ಕಳಿಗೆ ಮಾತು ಕೊಟ್ಟರು. ಕೆಲವರಿಗೆ ತಂದುಕೊಟ್ಟರು, ಕೆಲವರೆದುರು ಬರಿಗೈಲಿ ಬಂದರು. ಮಾತು ಉಳಿಸಿಕೊಂಡವರನ್ನು ನಂಬಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರಿಗಾಗಿ ಕಾದದ್ದು ಸುಮಾರು 3 ನಿಮಿಷ. ಕೊಟ್ಟ ಮಾತು ನಡೆಯದ ಮನೆಯಲ್ಲಿ, ಸಿಕ್ಕಾಗಲೇ ತಿಂದುಬಿಡುವ ಮಗುವನ್ನು ಚಪಲದ ಮಗು ಎನ್ನಲು ನನಗೆ ಮನಸ್ಸು ಬಾರದು. ಅದು ಯೋಚಿಸಿಯೇ ತಿಂದಿರುತ್ತದೆ.

ಆದ್ದರಿಂದ ಮಕ್ಕಳಿರುವ ಮನೆಯವರಲ್ಲಿ ನನ್ನದೊಂದು ಕೋರಿಕೆ: ‘ನಾಳೆ ತರುತ್ತೇನೆ’ ಎಂದು ಹೇಳಿದ್ದನ್ನು ನಾಳೆಯೇ ತನ್ನಿ.